ಏರಿದ ತೆರಿಗೆ ಯಾರ ಪಾಲು?

ಮುಂಬೈಯಲ್ಲಿ ಮನೆ ಕೊಳ್ಳಲು ಹೊರಟವರಿಗೆ ನೋಂದಣಿ ಕಚೇರಿಯಲ್ಲಿ ಒಂದು ಲೆಕ್ಕ ಎದುರಾಗುತ್ತದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಇನ್ನೊಂದು ಶೇ 1. ಆ ಕೊನೆಯ ಒಂದನ್ನು ಇಲ್ಲಿ ಎಲ್ಲರೂ ಮೆಟ್ರೊ ಸೆಸ್ ಎನ್ನುತ್ತಾರೆ. ಒಂದು ಕೋಟಿಯ ಫ್ಲ್ಯಾಟ್‌ಗೆ ಒಂದು ಲಕ್ಷ ರೂಪಾಯಿ. ಕೋವಿಡ್ ಕಾಲದಲ್ಲಿ ಎರಡು ವರ್ಷ ಇದನ್ನು ತಡೆಹಿಡಿದಿದ್ದ ಮಹಾರಾಷ್ಟ್ರ ಸರ್ಕಾರ 2022ರ ಏಪ್ರಿಲ್‌ನಿಂದ ಮತ್ತೆ ವಸೂಲಿ ಶುರು ಮಾಡಿತು. ಪುಣೆ, ಠಾಣೆ, ನಾಗಪುರದಲ್ಲಿರುವ ಕನ್ನಡಿಗರಿಗೂ ಇದು ಹೊಸದಲ್ಲ.

ಮೆಟ್ರೊ ನಿಲ್ದಾಣ ನಿಮ್ಮ ಮನೆ ಬಾಗಿಲಲ್ಲೇ ಇರಲಿ, ಎರಡು ರಿಕ್ಷಾ ಬದಲಿಸಿ ಹೋಗುವಷ್ಟು ದೂರವಿರಲಿ, ಕೊಡಬೇಕಾದದ್ದು ಅಷ್ಟೇ. ಇನ್ನೊಂದು ಕಡೆ, ಇಪ್ಪತ್ತು ವರ್ಷದ ಹಿಂದೆ ನಿಲ್ದಾಣದ ಪಕ್ಕದಲ್ಲೇ ಫ್ಲ್ಯಾಟ್ ಕೊಂಡು, ಈಗ ಅದರ ಬೆಲೆ ಏರಿದ್ದನ್ನು ನೋಡಿ ಮೀಸೆ ತಿರುವುತ್ತಿರುವವರು ಈ ಬಾಬತ್ತಿನಲ್ಲಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಲಾಭವಾದವನಿಂದ ಅಲ್ಲ, ಹೊಸದಾಗಿ ಬಂದವನಿಂದ ವಸೂಲಿ.

ನಗರ ಯೋಜನೆಗಳ ಸಾಲದ ಕಡತಗಳನ್ನು ಓದುವುದೇ ನನ್ನ ಕೆಲಸ. ಇದಕ್ಕಿಂತ ನ್ಯಾಯವಾದ ದಾರಿ ಇಲ್ಲವೇ ಎಂದು ಯಾರಾದರೂ ಕೇಳಿದಾಗಲೆಲ್ಲ ಬರುವ ಹೆಸರು ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್. ಚಿಕ್ಕದಾಗಿ ಟಿಫ್. ಮಾಟುಂಗಾದ ನಮ್ಮ ಉಡುಪಿ ಹೋಟೆಲುಗಳ ಟಿಫಿನ್ನಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಮಾಟುಂಗಾಕ್ಕೆ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಲೆಕ್ಕ ಸರಳ. ಒಂದು ಬಡಾವಣೆಯಿಂದ ಇವತ್ತು ವರ್ಷಕ್ಕೆ 10 ಕೋಟಿ ರೂಪಾಯಿ ಆಸ್ತಿ ತೆರಿಗೆ ಬರುತ್ತಿದೆ ಅಂದುಕೊಳ್ಳಿ. ಪಾಲಿಕೆ ಆ ಬಡಾವಣೆಯ ಸುತ್ತ ನಕ್ಷೆಯಲ್ಲಿ ಗೆರೆ ಎಳೆದು, ಆ 10 ಕೋಟಿಯನ್ನು ಮೂಲ ಮೊತ್ತವೆಂದು ಇಪ್ಪತ್ತೋ ಇಪ್ಪತ್ತೈದೋ ವರ್ಷಕ್ಕೆ ಕಟ್ಟಿಹಾಕುತ್ತದೆ. ಸಾಲ ತಂದು ರಸ್ತೆ, ಚರಂಡಿ, ಉದ್ಯಾನ ಮಾಡಿಸುತ್ತದೆ. ಜಾಗಕ್ಕೆ ಬೆಲೆ ಬಂದು, ಹೊಸ ಕಟ್ಟಡಗಳು ಎದ್ದು, ತೆರಿಗೆ 18 ಕೋಟಿಗೆ ಏರುತ್ತದೆ. ಮೊದಲಿನ 10 ಕೋಟಿ ಎಂದಿನಂತೆ ಪಾಲಿಕೆಯ ಖಜಾನೆಗೆ ಹೋಗುತ್ತದೆ. ಏರಿದ 8 ಕೋಟಿ ಮಾತ್ರ ಬೇರೆ ಖಾತೆಗೆ ಹೋಗಿ ಆ ಸಾಲವನ್ನು ತೀರಿಸುತ್ತದೆ. ಹೊಸ ತೆರಿಗೆಯಿಲ್ಲ, ದರ ಏರಿಕೆಯಿಲ್ಲ. ಕೇಳಲು ಚೆಂದ.

ಇದನ್ನು ಮೊದಲು ಶುರು ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ, 1952ರಲ್ಲಿ. ಆದರೆ ಇದರ ಒಳಹೊರಗು ತಿಳಿಯಲು ಅಟ್ಲಾಂಟಾದ ಬೆಲ್ಟ್‌ಲೈನ್ ನೋಡಬೇಕು. ಆ ನಗರದ ಸುತ್ತ ಪಾಳುಬಿದ್ದ ಹಳೆಯ ರೈಲು ಹಳಿಗಳ ದಾರಿಯಿತ್ತು. ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ 1999ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಸ್ನಾತಕೋತ್ತರ ಪ್ರಬಂಧ ಬರೆದು, ಆ ಹಳಿಗಳನ್ನು ಜೋಡಿಸಿದರೆ ಇಡೀ ನಗರಕ್ಕೊಂದು ಸುತ್ತು ಸಾರಿಗೆಯಾಗುತ್ತದೆ ಎಂದ. ಸುಮಾರು 35 ಕಿಲೋಮೀಟರ್. ಸಾಮಾನ್ಯವಾಗಿ ಇಂಥ ಪ್ರಬಂಧಗಳು ಗ್ರಂಥಾಲಯದಲ್ಲಿ ದೂಳು ತಿನ್ನುತ್ತವೆ. ಇದಕ್ಕೆ ಊರಿನವರೇ ಬೆನ್ನು ಕೊಟ್ಟರು. 2005ರಲ್ಲಿ ನಗರಸಭೆ ಆ ದಾರಿಯ ಸುತ್ತ ಗೆರೆ ಎಳೆದು 25 ವರ್ಷದ ಟಿಫ್ ವಲಯ ಘೋಷಿಸಿತು.

ಅಲ್ಲಿ ಶಾಲೆಗಳು ನಡೆಯುವುದೇ ಬಹುಪಾಲು ಆಸ್ತಿ ತೆರಿಗೆಯಿಂದ. ಏರಿದ ತೆರಿಗೆಯನ್ನು ಬೇರೆ ಖಾತೆಗೆ ಹಾಕಿದರೆ ಶಾಲೆಯ ಪಾಲೂ ಅದರ ಜೊತೆ ಹೋಗುತ್ತದೆ. ಒಬ್ಬರು ಕೋರ್ಟಿಗೆ ಹೋದರು. 2008ರ ಫೆಬ್ರುವರಿಯಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟ್ ಶಾಲೆಯ ತೆರಿಗೆಯನ್ನು ಇದಕ್ಕೆ ಬಳಸುವಂತಿಲ್ಲ ಎಂದಿತು. ಅದೇ ನವೆಂಬರ್‌ನಲ್ಲಿ ಮತದಾರರು ರಾಜ್ಯ ಸಂವಿಧಾನವನ್ನೇ ತಿದ್ದಿ ಅವಕಾಶ ಕೊಟ್ಟರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದಿತ್ತು. ಆಸ್ತಿ ಬೆಲೆ ಬಿತ್ತು, ಕಾಗದದ ಮೇಲೆ ಲೆಕ್ಕ ಹಾಕಿದ್ದ ಏರಿಕೆ ಬರಲಿಲ್ಲ, ಶಾಲಾ ಮಂಡಳಿಗೆ ಕೊಡುತ್ತೇವೆಂದು ಒಪ್ಪಿದ್ದ ಹಣದ ವಿಚಾರಕ್ಕೆ ವರ್ಷಗಟ್ಟಲೆ ಜಗಳವಾಯಿತು.

2012ರಲ್ಲಿ ಪೂರ್ವ ಭಾಗದ ದಾರಿ ತೆರೆದ ಮೇಲೆ ಇನ್ನೊಂದು ಕಥೆ. ಜನ ಮುಗಿಬಿದ್ದರು, ಸುತ್ತಲಿನ ಮನೆಗಳ ಬೆಲೆ ಏರಿತು, ಬಾಡಿಗೆಗಿದ್ದವರು ದೂರ ಸರಿಯಬೇಕಾಯಿತು. 2030ರೊಳಗೆ ಕೈಗೆಟುಕುವ ಬೆಲೆಯ 5,600 ಮನೆಗಳನ್ನು ಕಟ್ಟಿಸುವ ಗುರಿಯಿತ್ತು. ಅದು ಆಮೆವೇಗದಲ್ಲಿ ಸಾಗಿದ್ದಕ್ಕೆ ಬೇಸತ್ತು 2016ರಲ್ಲಿ ಗ್ರಾವೆಲ್ ತಾನೇ ಕನಸಿದ ಯೋಜನೆಯ ಸಹಭಾಗಿ ಸಂಸ್ಥೆಯ ಮಂಡಳಿಗೆ ರಾಜೀನಾಮೆ ಕೊಟ್ಟ. ಕೊನೆಗೆ ಟಿಫ್ ಹಣ ಸಾಲದೆ 2021ರಲ್ಲಿ ದಾರಿಯ ಸುತ್ತಲಿನ ವಾಣಿಜ್ಯ ಕಟ್ಟಡಗಳು ಮತ್ತು ಅಪಾರ್ಟ್‌ಮೆಂಟುಗಳ ಮೇಲೆ ವಿಶೇಷ ತೆರಿಗೆಯನ್ನೇ ಹಾಕಿದರು. ಹೊಸ ತೆರಿಗೆ ಬೇಡ ಎಂದು ಶುರುವಾದ ಯೋಜನೆ! ಹಾಗೆಂದು ಅದು ಸೋತಿತು ಎನ್ನಲಾರೆ. ದಾರಿ ಇದೆ, ಜನ ನಡೆಯುತ್ತಾರೆ.

ಶಿಕಾಗೊದಲ್ಲಿ ಕೆಟ್ಟದ್ದು ಬೇರೆ. ಅಲ್ಲಿ 1984ರಲ್ಲಿ ಬಡಕಲಾದ ಪೇಟೆಬೀದಿಗೆಂದು ಶುರುವಾದ ಟಿಫ್, ಊರಿಡೀ ಹಬ್ಬಿ, 2019ರಲ್ಲಿ ನಗರದ ಶ್ರೀಮಂತ ಬಡಾವಣೆಗಳ ಪಕ್ಕದ ಲಿಂಕನ್ ಯಾರ್ಡ್ಸ್‌ಗೆ 130 ಕೋಟಿ ಡಾಲರ್‌ವರೆಗೆ ಒಪ್ಪಿಗೆ ಕೊಡುವಲ್ಲಿಗೆ ಬಂತು. ಈ ಹಣವಿಲ್ಲದಿದ್ದರೆ ಆ ಜಾಗ ಬೆಳೆಯುತ್ತಲೇ ಇರಲಿಲ್ಲ ಎಂದು ತೋರಿಸುವುದು ಟಿಫ್‌ನ ಮೊದಲ ಷರತ್ತು. ತಾನಾಗಿಯೇ ಬೆಳೆಯುವ ಜಾಗದ ಸುತ್ತ ಗೆರೆ ಎಳೆದರೆ ಅದು ಹೂಡಿಕೆಯಲ್ಲ, ಬೊಕ್ಕಸದ ಹಣವನ್ನು ಪಕ್ಕಕ್ಕೆ ಸರಿಸುವುದು. ಇದನ್ನು ಹುಟ್ಟಿಸಿದ ಕ್ಯಾಲಿಫೋರ್ನಿಯಾ ಕೂಡ ಶಾಲೆಗಳಿಗಾದ ಕೊರತೆಯನ್ನು ತುಂಬಿ ಸಾಕಾಗಿ, 2012ರಲ್ಲಿ ಇಂಥ ಸುಮಾರು 400 ಸಂಸ್ಥೆಗಳನ್ನು ಮುಚ್ಚಿಬಿಟ್ಟಿತು.

ಈಗ ಮಾಟುಂಗಾ. 1896ರ ಪ್ಲೇಗ್ ಬಡಿದ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಜಮೀನು ಸ್ವಾಧೀನ ಮಾಡಿಕೊಂಡು, ರಸ್ತೆ, ಚರಂಡಿ ಹಾಕಿ, ನಿವೇಶನಗಳನ್ನು ಭೋಗ್ಯಕ್ಕೆ ಕೊಟ್ಟು ಹಣ ಮರಳಿ ಪಡೆಯುತ್ತಿತ್ತು. ಟಿಫ್ ಎಂಬ ಹೆಸರು ಹುಟ್ಟುವ ಮೊದಲೇ ಅದೇ ಜಾತಿಯ ಯೋಚನೆ. ದಾದರ್, ಮಾಟುಂಗಾ ಹಾಗೆ ಎದ್ದ ಬಡಾವಣೆಗಳು. ದಕ್ಷಿಣದಿಂದ ಬಂದ ನಮ್ಮ ಹಿರಿಯರು ಟ್ರಂಕು ಇಳಿಸಿದ್ದು ಅಲ್ಲಿಯೇ. ಅದೇ ಟ್ರಸ್ಟ್ ಹಳೆಯ ಪೇಟೆಯಲ್ಲಿ ಕೆಡವಿದ ಚಾಳುಗಳಲ್ಲಿದ್ದ ಬಡವರು ಅದರ ಹೊಸ ನಿವೇಶನಗಳಿಗೆ ಬರಲಿಲ್ಲ ಎನ್ನುವುದೂ ನಿಜ.

ಬಾಡಿಗೆದಾರನ ಈ ಪಾಡು ಇಂದಿಗೂ ಬದಲಾಗಿಲ್ಲ. ವರ್ಸೋವಾ–ಘಾಟ್ಕೋಪರ್ ಮೆಟ್ರೊ 2014ರಲ್ಲಿ ಶುರುವಾಯಿತಲ್ಲ, ಆ ಮಾರ್ಗದಲ್ಲಿ ಬಾಡಿಗೆ ಜಾಗದಲ್ಲಿ ಕ್ಯಾಂಟೀನ್ ನಡೆಸುವ ಕಾರ್ಕಳದ ಹಿರಿಯರೊಬ್ಬರು ನನಗೆ ಹೇಳಿದ್ದು: ‘ಗಿರಾಕಿ ಜಾಸ್ತಿ ಆದದ್ದು ಹೌದು ಮಾರಾಯ್ರೆ. ಆದ್ರೆ ರೈಲು ಬರುವ ಮೊದ್ಲೇ ಬಾಡಿಗೆ ಬಂತು.’

ಟಿಫ್ ನಮ್ಮ ದೇಶಕ್ಕೆ ಅಪರಿಚಿತವೇನಲ್ಲ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2017ರಲ್ಲಿ ಹೊರಡಿಸಿದ ಮೌಲ್ಯ ಗಳಿಕೆಯ ನೀತಿ ಚೌಕಟ್ಟಿನಲ್ಲಿ ಅದರ ಹೆಸರಿದೆ. ತೊಡಕಿರುವುದು ನಮ್ಮ ಆಸ್ತಿ ತೆರಿಗೆಯಲ್ಲಿ. ಜಾಗದ ಬೆಲೆ ಏರಿದಂತೆ ತೆರಿಗೆಯೂ ಏರಿದರೆ ತಾನೆ ಕಟ್ಟಿಹಾಕಲು ಏರಿಕೆ ಸಿಗುವುದು? ಮುಂಬೈ 2010ರಿಂದ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಹಾಕುತ್ತದಾದರೂ 2022ರಲ್ಲಿ 500 ಚದರ ಅಡಿವರೆಗಿನ ಮನೆಗಳಿಗೆ ಅದನ್ನು ಮನ್ನಾ ಮಾಡಿತು. ಬಡವರಿಗೆ ಒಳ್ಳೆಯದೇ ಆಯಿತು, ಆದರೆ ಟಿಫ್ ಲೆಕ್ಕದಲ್ಲಿ ಆ ಮನೆಗಳಿಂದ ಬರುವುದು ಸೊನ್ನೆ. ಬೆಂಗಳೂರಿನಲ್ಲಿ 2008ರಿಂದ ಇರುವುದು ವಲಯವಾರು ಯೂನಿಟ್ ದರದ ಪದ್ಧತಿ. ವೈಟ್‌ಫೀಲ್ಡ್‌ನಲ್ಲಿ ಸೈಟಿನ ಬೆಲೆ ಏರಿದ ಓಟಕ್ಕೂ ತೆರಿಗೆ ಏರಿದ ನಡಿಗೆಗೂ ಹೋಲಿಕೆಯೇ ಇಲ್ಲ. ಹೀಗಿರುವಾಗ ನಾವು ಆಗಾಗ ಉದಾರಿಗಳ ಕಡೆ ನೋಡುತ್ತೇವೆ. ಕೋನಪ್ಪನ ಅಗ್ರಹಾರದ ಮೆಟ್ರೊ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಷನ್ ಹಣ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಪ್ರತಿ ನಿಲ್ದಾಣದ ಪಕ್ಕದಲ್ಲಿ ಇನ್ಫೋಸಿಸ್ ಇರುವುದಿಲ್ಲ.

ಕಳೆದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರು ಐದು ಪಾಲಿಕೆಗಳಾಯಿತು. ಮಹದೇವಪುರ, ಕೆ.ಆರ್. ಪುರ ಈಗ ಪೂರ್ವ ಪಾಲಿಕೆಯಲ್ಲಿವೆ. ಹೊರವರ್ತುಲ ರಸ್ತೆಯ ಮೆಟ್ರೊ ಓಡಿದಾಗ ಅಲ್ಲಿನ ಐಟಿ ಪಾರ್ಕುಗಳಿಂದ ತೆರಿಗೆ ಏರಿದರೆ, ಅದನ್ನು ಆ ರಸ್ತೆಯ ಚರಂಡಿ, ಕಾಲುದಾರಿಗೇ ಮೀಸಲಿಡೋಣ ಎಂದು ಯಾರಾದರೂ ಹೇಳಿಯಾರು. ಕಾಗದ ನನ್ನ ಮೇಜಿಗೆ ಬಂದರೆ ಮೊದಲು ನೋಡುವುದು ಮೂರು ಸಾಲು: ಮೂಲ ಮೊತ್ತ ಯಾವ ವರ್ಷದ್ದು, ಹಣದುಬ್ಬರದಿಂದ ತಾನಾಗಿ ಏರುವ ಭಾಗವನ್ನು ಕಳೆದಿದ್ದಾರೋ ಇಲ್ಲವೋ, ಬೆಲೆ ಬಿದ್ದ ವರ್ಷ ಸಾಲದ ಕಂತು ಕಟ್ಟುವವರು ಯಾರು. ನಾಲ್ಕನೆಯದನ್ನು ಬ್ಯಾಂಕಿನವರು ಕೇಳುವುದಿಲ್ಲ, ಆ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಬಾಡಿಗೆಗಿರುವ ಸೆಕ್ಯೂರಿಟಿಯವರು, ಮನೆಗೆಲಸದವರೇ ಕೇಳಬೇಕು: ಆ ಎಂಟು ಕೋಟಿಯಲ್ಲಿ ನಮ್ಮ ಬಾಡಿಗೆ ಮನೆಗೆಂದು ಎಷ್ಟು ತೆಗೆದಿಟ್ಟಿದ್ದೀರಿ?