ಸಂಸಾರ ಸಮೇತ ಬನವಾಸಿಯ ಹಾದಿ

ಪ್ರಯಾಣವು ಹೊಸ್ತಿಲು ದಾಟಿದ ಕ್ಷಣದಲ್ಲಿ ಮೊದಲಾಗುತ್ತದೆಂಬುದು ಲೋಕದ ನಂಬಿಕೆ. ಸಂಸಾರವಂದಿಗರ ಅನುಭವ ಬೇರೆ. ಅವರ ಪ್ರಯಾಣ ಮೊದಲಾಗುವುದು ರಾತ್ರಿಯ ಊಟ ಮುಗಿಸಿ ಕೈ ತೊಳೆದು ಬಂದವರಲ್ಲಿ ಯಾರೋ ಒಬ್ಬರು “ಈ ರಜೆಗೆ ಎಲ್ಲಿಗೆ?” ಎಂಬ ಮಾತು ತೆಗೆದಾಗ. ಅಜ್ಜಿಗೆ ದೇವಸ್ಥಾನ ಬೇಕು. ಮಕ್ಕಳಿಗೆ ನೀರಾಟ ಬೇಕು. ಮನೆಯಾಕೆಗೆ ಮೂರು ದಿನವಾದರೂ ಒಲೆಯ ಮುಂದೆ ನಿಲ್ಲದಿರುವ ಸೌಖ್ಯ ಬೇಕು. ಯಜಮಾನನಿಗೆ ಇವೆಲ್ಲವೂ ತಿಂಗಳ ಸಂಬಳದ ಮಿತಿಯೊಳಗೆ ಮುಗಿಯಬೇಕು. ಇಷ್ಟು ಬೇಡಿಕೆಗಳನ್ನು ಒಂದೇ ಕಾರಿನಲ್ಲಿ ಕೂಡಿಸಿ ಹೊರಡಿಸಬಲ್ಲವನು ಒಂದು ಸಣ್ಣ ರಾಜ್ಯವನ್ನೂ ಆಳಬಲ್ಲನೆಂದರೆ ಅತಿಶಯೋಕ್ತಿಯಾಗದು.

ಸಾಮಾನ್ಯವಾಗಿ ಈ ಜಗಳವನ್ನು ಒಂದು ಹೆಸರುವಾಸಿಯಾದ ಸ್ಥಳವನ್ನು ಗೊತ್ತುಮಾಡಿ ಮುಗಿಸುತ್ತೇವೆ. ಆಮೇಲೆ ಉಳಿಯುವುದು ಅಲ್ಲಿಗೆ ಬೇಗ ತಲುಪುವ ಚಿಂತೆಯೊಂದೇ. ದಾರಿಯ ಹಳ್ಳಿಗಳು ಕಿಟಕಿಯಾಚೆ ಓಡಿಹೋಗುತ್ತವೆ. “ಎಷ್ಟು ಚೆಂದದ ಊರು!” ಎಂದು ಒಬ್ಬರು ಉದ್ಗರಿಸುವಷ್ಟರಲ್ಲಿ ಆ ಊರು ಹಿಂದೆ ಬಿದ್ದಿರುತ್ತದೆ. ಅದರ ಹೆಸರೇನೆಂದು ಕೇಳಿದರೆ ಕಾರಿನಲ್ಲಿರುವ ಯಾರಿಗೂ ತಿಳಿಯದು. ಹೆಸರಿಲ್ಲದ ಚೆಲುವು ಮನಸ್ಸಿನಲ್ಲಿ ಎಷ್ಟು ದಿನ ನಿಂತೀತು?

ಆದುದರಿಂದ, ಹಳ್ಳಿಗಳನ್ನೇ ಗುರಿಯಾಗಿಟ್ಟುಕೊಂಡು ಸಂಸಾರ ಸಮೇತ ಮೂರು ದಿನದ ಒಂದು ಪ್ರಯಾಣವನ್ನು ಹೇಗೆ ಹೂಡಬಹುದೆಂಬುದನ್ನು ಓದುಗರ ಮುಂದಿಡಬೇಕೆನಿಸಿದೆ. ನಾನು ಆರಿಸಿಕೊಂಡಿರುವ ಹಾದಿ ಇದು: ಶಿವಮೊಗ್ಗೆಯಿಂದ ಶಿಕಾರಿಪುರ, ಉಡುತಡಿ, ಬಳ್ಳಿಗಾವೆ, ತಾಳಗುಂದ, ಅಲ್ಲಿಂದ ಬನವಾಸಿ, ಮರಳುವಾಗ ಸೊರಬ, ಕೆಳದಿ, ಇಕ್ಕೇರಿ, ಹೆಗ್ಗೋಡು. ಎಲ್ಲವನ್ನೂ ಕೂಡಿದರೂ ಸುಮಾರು 300 ಕಿಲೋಮೀಟರುಗಳೊಳಗಿನ ಮಾತು. ಅವಸರದವನು ಒಂದೇ ದಿನದಲ್ಲಿ ಸುತ್ತಿಬಂದಾನು. ನಾವು ಮೂರು ದಿನ ತೆಗೆದುಕೊಳ್ಳೋಣ.

ಯೋಜನೆಯ ಮೊದಲ ಸೂತ್ರ ಬಿಡುವುದನ್ನು ಕಲಿಯುವುದು. ಈ ಹಾದಿಯಲ್ಲಿ ಜೋಗವನ್ನು ಬಿಡಬೇಕೆಂದು ನನ್ನ ಸಲಹೆ. ಸಾಗರದಿಂದ ಅದು ದೂರವೇನೂ ಅಲ್ಲ. 253 ಮೀಟರು ಎತ್ತರದಿಂದ ಧುಮುಕುವ ಶರಾವತಿಯ ವೈಭವವನ್ನು ಅಲ್ಲಗಳೆಯುವವನೂ ನಾನಲ್ಲ. ಆದರೆ ಜೋಗವೆಂಬ ಹೆಸರು ಪಟ್ಟಿಯಲ್ಲಿ ಸೇರಿತೆಂದರೆ ಉಳಿದ ಊರುಗಳೆಲ್ಲ ಜೋಗಕ್ಕೆ ಹೋಗುವ ದಾರಿಗಳಾಗಿಬಿಡುತ್ತವೆ. ಚಂದ್ರಗುತ್ತಿಯ ಗುಡ್ಡವನ್ನೂ ಬಿಡಬೇಕಾದೀತು. ಅಲ್ಲಿಯ ಮೆಟ್ಟಿಲುಗಳು ಅಜ್ಜಿಯ ಮೊಣಕಾಲಿಗೆ ಒಪ್ಪುವವಲ್ಲ. ಮನೆಯ ಅತ್ಯಂತ ನಿಧಾನದ ಕಾಲು ಯಾರದೋ ಅವರ ಹೆಜ್ಜೆಗೆ ಯೋಜನೆ ಹೊಂದಬೇಕು. ಅವರನ್ನು ಕಾರಿನಲ್ಲಿ ಕೂರಿಸಿ ಉಳಿದವರು ಮೇಲೇರಿ ನೋಡಿಬರುವ ಪ್ರಯಾಣಕ್ಕೆ ಸಂಸಾರದ ಪ್ರಯಾಣವೆಂಬ ಹೆಸರು ಸಲ್ಲದು.

ಎರಡನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಸೀಮೆಯ ಮಳೆ ಅತಿಥಿಗಳ ಅನುಕೂಲವನ್ನು ನೋಡುವುದಿಲ್ಲ. ಮಳೆ ಹಿಂದೆಗೆದ ಮೇಲಿನ ದಿನಗಳು ಪ್ರಶಸ್ತ. ದಸರೆಯ ರಜೆಯ ಹೊತ್ತಿಗೆ ಗದ್ದೆ ತೆನೆ ತುಂಬುವ ಸಂಭ್ರಮದಲ್ಲಿರುತ್ತದೆ. ಆಶ್ವಯುಜದ ಹುಣ್ಣಿಮೆಯಂದು ಮಲೆನಾಡಿನ ರೈತರು ‘ಭೂಮಿ ಹುಣ್ಣಿಮೆ’ಯನ್ನು ಆಚರಿಸುತ್ತಾರೆ. ತೆನೆಹೊತ್ತ ಭೂಮಿಯನ್ನು ಬಸುರಿ ಹೆಣ್ಣೆಂದು ಭಾವಿಸಿ, ಬಯಕೆಯ ಅಡಿಗೆಯನ್ನು ಬುಟ್ಟಿಯಲ್ಲಿ ಹೊತ್ತೊಯ್ದು ಉಣಬಡಿಸುವ ಹಬ್ಬ ಅದು. ನವೆಂಬರು, ಡಿಸೆಂಬರು ತಿಂಗಳುಗಳಲ್ಲಿ ಬಂದವರಿಗೆ ಭತ್ತದ ಕೊಯ್ಲೂ ಅಡಿಕೆಯ ಸುಲಿತವೂ ಕಾಣಸಿಗುತ್ತವೆ. ಯಾವ ಊರನ್ನಾದರೂ ಅದು ಕೆಲಸದಲ್ಲಿ ತೊಡಗಿರುವಾಗ ನೋಡಬೇಕು. ಆಗ ಅದರ ನಿಜವಾದ ಮುಖ ಕಾಣುತ್ತದೆ.

ಮೊದಲ ದಿನ ಸೂರ್ಯೋದಯಕ್ಕೆ ಶಿವಮೊಗ್ಗೆಯನ್ನು ಬಿಟ್ಟರೆ ಶಿಕಾರಿಪುರದಲ್ಲಿ ಬೆಳಗಿನ ಉಪಾಹಾರ. ಮಧ್ಯಾಹ್ನದ ಬುತ್ತಿ ಮನೆಯಿಂದಲೇ ಬಂದಿದ್ದರೆ ಲೇಸು; ಚಿಕ್ಕ ಊರುಗಳಲ್ಲಿ ಆರೇಳು ಮಂದಿಗೆ ಒಮ್ಮೆಲೇ ಊಟ ಸಿಕ್ಕೀತೆಂಬ ಭರವಸೆ ಇಲ್ಲ. ಶಿರಾಳಕೊಪ್ಪದ ಸಮೀಪದ ಉಡುಗಣಿಯನ್ನು ಅಕ್ಕಮಹಾದೇವಿಯ ಉಡುತಡಿಯೆಂದು ಗುರುತಿಸುತ್ತಾರೆ. ಅಲ್ಲಿಂದ ತುಸು ದೂರದಲ್ಲೇ ಬಳ್ಳಿಗಾವೆ. ಹರಿಹರನ ರಗಳೆಯನ್ನು ಓದಿದವರಿಗೆ ಇದು ಅಲ್ಲಮನ ಊರು. ಹನ್ನೆರಡನೆಯ ಶತಮಾನದ ಎರಡು ಮಹಾಚೇತನಗಳ ನಡುವಿನ ಹಾದಿ ಒಂದು ಹೊತ್ತಿನ ನಡಿಗೆಯಷ್ಟೆಂಬುದನ್ನು ಪುಸ್ತಕದ ಪುಟ ಹೇಳಲಾರದು. ಅದನ್ನು ಹಾದಿಯೇ ಹೇಳಬೇಕು.

ಬಳ್ಳಿಗಾವೆ ಇಂದು ಹಂಚಿನ ಮಾಡುಗಳ, ಕೊಟ್ಟಿಗೆಗಳ ಒಂದು ಹಳ್ಳಿ. ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನು ನೋಡಿದ ಮೇಲೆ, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬದ ಬಳಿ ಮಕ್ಕಳನ್ನು ನಿಲ್ಲಿಸಿ. ಎರಡು ತಲೆಯ ಹಕ್ಕಿಯ ಮನುಷ್ಯರೂಪವನ್ನು ಕಂಡು ಅವರ ಪ್ರಶ್ನೆಗಳು ತಾವಾಗಿಯೇ ಹೊರಡುತ್ತವೆ. ಕೇದಾರೇಶ್ವರವಿರುವ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸಿದೆ. ಅಲ್ಲಿ ವೇದಗಳನ್ನೂ ಹಲವು ವ್ಯಾಕರಣಗಳನ್ನೂ ಕಲಿಸುತ್ತಿದ್ದರು. ಅದರ ಜೊತೆಗೇ ದೀನರಿಗೂ ಕುರುಡರಿಗೂ ಅನ್ನವನ್ನಿಕ್ಕುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು. ವಿದ್ಯಾಲಯವೊಂದರಲ್ಲಿ ಪಾಠ ಹೇಳಿ ಜೀವಿಸುವ ನನ್ನಂಥವನು ಅಲ್ಲಿ ನಿಂತು ಒಂದಷ್ಟು ಹೊತ್ತು ಯೋಚಿಸಬೇಕಾಗುತ್ತದೆ.

ಸಮೀಪದ ತಾಳಗುಂದದ್ದು ಇನ್ನೊಂದು ಬಗೆಯ ಪಾಠ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿಯ ಸಂಸ್ಕೃತ ಕಾವ್ಯವಿದೆ. ಕಾಲ ಐದನೆಯ ಶತಮಾನ. ಕದಂಬ ಮಯೂರಶರ್ಮನು ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ರಾವುತನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಖಡ್ಗ ಹಿಡಿದದ್ದು ಎಲ್ಲವೂ ನಮಗೆ ತಿಳಿದಿರುವುದು ಆ ಕಂಬದಿಂದ. ಆದರೆ ಆ ಕಾವ್ಯ ಹುಟ್ಟಿದ್ದು ಯಾವ ನೆಪದಲ್ಲಿ? ಕಾಕುತ್ಸ್ಥವರ್ಮನು ದೇವಾಲಯದ ಬಳಿ ಒಂದು ಕೆರೆಯನ್ನು ತೋಡಿಸಿದನೆಂದು ದಾಖಲಿಸುವುದಕ್ಕಾಗಿ! ಒಂದು ರಾಜವಂಶದ ಉದಯದ ಕಥೆ ಒಂದು ಹಳ್ಳಿಯ ಕೆರೆಯ ನೆಪದಿಂದ ಉಳಿದುಬಂತು. ಇದೇ ಊರಿನಲ್ಲಿ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಬರಹವು ಹಲ್ಮಿಡಿ ಶಾಸನಕ್ಕಿಂತಲೂ ಹಳೆಯ ಕನ್ನಡವೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಕನ್ನಡವು ಮೊದಮೊದಲು ಕಲ್ಲಿನ ಮೇಲೆ ಮೂಡಿದ ನೆಲಗಳಲ್ಲಿ ಒಂದರ ಮೇಲೆ ನಮ್ಮ ಮಕ್ಕಳು ಓಡಾಡುತ್ತಿದ್ದಾರೆಂಬುದು ಸಣ್ಣ ಸಂಗತಿಯಲ್ಲ.

ಇಲ್ಲಿ ನನ್ನ ಮಾತಿನ ಮರ್ಮಕ್ಕೆ ಬರುತ್ತೇನೆ. ಈ ಪ್ರಯಾಣದಲ್ಲಿ ಅಜ್ಜಿಯನ್ನು ಎಲ್ಲಿ ಕೂರಿಸಬೇಕು? ಚಾಲಕನ ಪಕ್ಕದ ಮುಂದಿನ ಆಸನದಲ್ಲಿ. ಸೌಕರ್ಯ ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಇಂದಿನ ಪಟ್ಟಣದ ಮಗುವಿಗೆ ನೀರು ನಿಂತದ್ದೆಲ್ಲ ‘ಲೇಕ್’, ಹಸುರಾದದ್ದೆಲ್ಲ ‘ಗ್ರೀನರಿ’. ಅದೇ ನೀರನ್ನು ನೋಡಿ ಹಳ್ಳಿಯಲ್ಲಿ ಬೆಳೆದ ಅಜ್ಜಿ ಏರಿ ಯಾವುದು, ಕೋಡಿ ಯಾವುದು, ತೂಬು ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲಳು. ಅವಳ ಕಣ್ಣಿಗೆ ಗದ್ದೆ ಬೇರೆ, ಹೊಲ ಬೇರೆ, ತೋಟ ಬೇರೆ. ಅವಳಿಗೆ ತಿಳಿಯದ ಮಲೆನಾಡಿನ ಮಾತುಗಳನ್ನು, ಅಂದರೆ ದಟ್ಟ ಕಾಡಿನ ‘ಕಾನು’, ಹುಲ್ಲು ಬೆಳೆಯುವ ‘ಬ್ಯಾಣ’, ತೋಟಕ್ಕೆ ಸೊಪ್ಪು ಕೊಡುವ ‘ಸೊಪ್ಪಿನಬೆಟ್ಟ’ ಇವನ್ನು ದಾರಿಯಲ್ಲಿ ಸಿಕ್ಕ ರೈತ ಹೇಳಿಕೊಡುತ್ತಾನೆ. ಈ ಮಾತುಗಳು ನಿಘಂಟಿನಲ್ಲಿ ಇವೆಯಲ್ಲ ಎನ್ನಬಹುದು. ಇವೆ. ಆದರೆ ನಿಘಂಟನ್ನು ತೆರೆಯಬೇಕಾದರೆ ಹುಡುಕುವ ಮಾತು ಮೊದಲು ಕಿವಿಗೆ ಬಿದ್ದಿರಬೇಕು.

ತರಗತಿಯಲ್ಲಿ ಹಳೆಯ ಕಾವ್ಯವನ್ನು ಪಾಠಮಾಡುವಾಗ ವಿದ್ಯಾರ್ಥಿಗಳು ತಡವರಿಸುವುದು ವ್ಯಾಕರಣದಲ್ಲಿ ಎಂದು ನಾವು ಭಾವಿಸುತ್ತೇವೆ. ಬಹಳಮಟ್ಟಿಗೆ ಅವರು ತಡವರಿಸುವುದು ನೋಡದ ವಸ್ತುವಿನ ಮುಂದೆ. ಕೋಡಿ ಬಿದ್ದ ಕೆರೆಯ ಸದ್ದು ಕೇಳದವನಿಗೆ ‘ಕೋಡಿವರಿದು’ ಎಂಬ ಮಾತಿಗೆ ಅರ್ಥ ಬರೆಸಬಹುದು, ಅಷ್ಟೆ. ಮೂರು ತಲೆಮಾರು ಒಂದೇ ಕಾರಿನಲ್ಲಿ ಕೂಡುವ ಅವಕಾಶ ಒಂದು ಸಂಸಾರಕ್ಕೆ ಎಷ್ಟು ಸಲ ದೊರೆತೀತು? ಮಕ್ಕಳು ಓದಿಗೆಂದು, ಉದ್ಯೋಗಕ್ಕೆಂದು ದೂರ ಹೋಗುತ್ತಾರೆ; ಹಿರಿಯರು ಇನ್ನೂ ದೂರ ಹೋಗುತ್ತಾರೆ. ಆ ಎರಡು ಅಗಲಿಕೆಗಳ ನಡುವಿನ ಮೂರು ದಿನಗಳಲ್ಲಿ ಐವತ್ತು ಮಾತುಗಳು ಒಂದು ಬಾಯಿಂದ ಇನ್ನೊಂದು ಕಿವಿಗೆ ದಾಟಿದರೆ ಪೆಟ್ರೋಲಿನ ವೆಚ್ಚ ಸಾರ್ಥಕ.

ಮೊದಲ ರಾತ್ರಿ ಶಿರಸಿಯಲ್ಲಿ ತಂಗಿ, ಎರಡನೆಯ ದಿನದ ಇಡೀ ಬೆಳಗನ್ನು ಬನವಾಸಿಗೆ ಮೀಸಲಿಡಬೇಕು. ವರದೆ ಬಳಸಿ ಹರಿಯುವ ಈ ಊರಿನ ಹೆಸರು ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿಯೇ ಇದೆ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನಿಗೆ, ದೂರದ ಅರಿಕೇಸರಿಯ ಆಸ್ಥಾನದಲ್ಲಿದ್ದಾಗಲೂ ಈ ನಾಡಿನ ತಂಗಾಳಿಯ ನೆನಪು ತಪ್ಪಲಿಲ್ಲ. ಮಧುಕೇಶ್ವರನ ಮುಂದಿನ ನಂದಿಯು ಒಂದು ಕಣ್ಣಿನಿಂದ ಶಿವನನ್ನೂ ಇನ್ನೊಂದು ಕಣ್ಣಿನಿಂದ ಪಾರ್ವತಿಯನ್ನೂ ನೋಡುತ್ತಿದೆಯೆಂದು ಅಲ್ಲಿಯವರು ಹೇಳುತ್ತಾರೆ. ಮಕ್ಕಳು ನಂದಿಯ ಹಿಂದೆ ನಿಂತು ಅದನ್ನು ಪರೀಕ್ಷಿಸಲಿ. ಆಮೇಲೆ ರಥಬೀದಿಯಲ್ಲಿ ಏನೂ ಮಾಡದೆ ಒಂದು ಗಂಟೆ ಕಳೆಯಿರಿ. ಯೋಜನೆಯ ಹಾಳೆಯಲ್ಲಿ ಆ ಒಂದು ಗಂಟೆಯನ್ನು ಖಾಲಿ ಬಿಟ್ಟಿರಬೇಕು. ಪಂಪನಿಗೆ ನೆನಪಾದದ್ದು ವೇಳಾಪಟ್ಟಿಯಲ್ಲ. ಸಂಜೆಗೆ ಅನಾನಸಿನ ಹೊಲಗಳನ್ನೂ ಕೆರೆಗಳನ್ನೂ ದಾಟಿ ಸೊರಬದ ಮೂಲಕ ಸಾಗರ ಸೇರಬಹುದು.

ಸೊರಬ, ಸಾಗರಗಳ ಈ ಸೀಮೆ ಹಸೆ ಚಿತ್ತಾರದ ತವರು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ ಎಳೆಯುವ ಗೆರೆಗಳಲ್ಲಿ ಕೈನಡುಕದ ಸುಳಿವಿರದು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆಯ ಕಾಯಿಂದ ಹಳದಿ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಇದೇ ಚಿತ್ತಾರ. ಮೂರನೆಯ ದಿನದ ಕೆಳದಿ, ಇಕ್ಕೇರಿಗಳೆರಡೂ ಸಾಗರದ ಮಗ್ಗುಲಿನ ಊರುಗಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದ ಚೆನ್ನಮ್ಮ ಕೆಳದಿಯ ಅರಸಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲಗಲ್ಲಿನ ಮೇಲೆ ಸಾಷ್ಟಾಂಗವೆರಗಿರುವ ಮೂವರು ನಾಯಕರ ರೂಪಗಳಿವೆ. ಆಳಿದವರು ನೆಲದ ಮಟ್ಟಕ್ಕಿಳಿದು ಮಲಗಿದ್ದಾರೆ. ಕೊನೆಯ ನಿಲುಗಡೆ ಹೆಗ್ಗೋಡು. ಅಡಿಕೆ ತೋಟಗಳ ನಡುವಣ ಈ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಲೋಕದ ನಾಟಕಗಳನ್ನು ಕನ್ನಡದ ಅಂಗಳಕ್ಕೆ ತಂದಿತು. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಳ್ಳಿಯೆಂದರೆ ಕಳೆದುಹೋದ ಕಾಲವೆಂದು ತಿಳಿದಿರುವ ಮಕ್ಕಳಿಗೆ ಹೆಗ್ಗೋಡು ತಕ್ಕ ಉತ್ತರ.

ಇನ್ನು ನಡವಳಿಕೆಯ ಒಂದೆರಡು ಮಾತು. ನಮಗೆ ಚೆಂದವಾಗಿ ಕಾಣುವ ಜಗಲಿ ಇನ್ನೊಬ್ಬರ ಮನೆ. ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಬಾರದು. ದಣಪೆ ದಾಟಿದರೆ ಅದನ್ನು ಮತ್ತೆ ಹಾಕಿಯೇ ಮುಂದೆ ಹೋಗಬೇಕು. ಇಲ್ಲವಾದರೆ ದನ ತೋಟಕ್ಕೆ ನುಗ್ಗೀತು. ಎಳನೀರು, ಬಾಳೆಹಣ್ಣು, ಚಹಾ ಇವನ್ನು ಊರಿನ ಅಂಗಡಿಯಲ್ಲಿಯೇ ಕೊಳ್ಳಿ. ಖಾಲಿ ಪೊಟ್ಟಣಗಳನ್ನು ಕಾರಿನಲ್ಲಿಯೇ ಮರಳಿ ತನ್ನಿ. “ನಿಮ್ಮೂರು ಎಷ್ಟು ಶಾಂತವಾಗಿದೆ!” ಎಂದು ಹೊಗಳುವ ಮುನ್ನ ಒಮ್ಮೆ ಯೋಚಿಸಿರಿ. ದುಡಿಯುವ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ, ಮನೆಯಲ್ಲಿ ಮುದುಕರಿಬ್ಬರೇ ಉಳಿದಿರುವುದರಿಂದ ಆ ಶಾಂತಿ ಬಂದಿರಬಹುದು. ಅಂಥ ಮನೆಯ ಜಗಲಿಯಲ್ಲಿ ನಮ್ಮ ಅಜ್ಜಿ ಕುಳಿತು ಎರಡು ಮಾತಾಡಿದರೆ, ಅದು ಎರಡೂ ಕಡೆಯವರಿಗೆ ಸಂದ ಆತಿಥ್ಯ.

ಮನೆಗೆ ಮರಳಿದ ಮೇಲೆ ಮಕ್ಕಳಿಂದ ಪ್ರವಾಸಕಥನವನ್ನು ಬರೆಸುವ ಉತ್ಸಾಹ ಅಧ್ಯಾಪಕರಾದ ತಂದೆತಾಯಿಗಳಿಗೆ ಬರುವುದು ಸಹಜ. ಅದನ್ನು ತಡೆದುಕೊಳ್ಳಬೇಕೆಂದು ಪ್ರಾರ್ಥನೆ. ಒಂದು ದಿನ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆಯ ನೀರನ್ನು ನೋಡಿ ಹುಡುಗಿ ತಾನಾಗಿಯೇ “ಕೆರೆ ಕೋಡಿ ಬಿದ್ದಿದೆ” ಎಂದಾಳು. ಪ್ರಯಾಣದ ಫಲವನ್ನು ಅಳೆಯಲು ಅಷ್ಟು ಸಾಕು.