ಕ್ಷಮೆ ಬೇರೆ, ಫಲ ಬೇರೆ

‘ಮಾಡಿದ್ದುಣ್ಣೋ ಮಹರಾಯ’ ಎಂಬುದು ನಮ್ಮ ಗಾದೆ. ಕ್ರೈಸ್ತಧರ್ಮವಾದರೋ ಕ್ಷಮೆಯ ಧರ್ಮವೆಂದೇ ಹೆಸರಾದುದು. ಗುರುಗಳ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದರೆ ಸಾಕು, ಲೆಕ್ಕ ಚುಕ್ತಾ ಆಗುತ್ತದೆ ಎಂದು ಹೊರಗಿನವರು ಭಾವಿಸುವುದುಂಟು. ಹಾಗಿದ್ದರೆ ತಪ್ಪು ಮಾಡುವವನಿಗೆ ಅಂಕೆ ಎಲ್ಲಿಯದು? ಈ ಪ್ರಶ್ನೆಗೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ದೊರೆ ದಾವೀದನ ಕಥೆಯೇ ಉತ್ತರ.

ಸೈನ್ಯ ಯುದ್ಧಕ್ಕೆ ಹೋಗಿದ್ದಾಗ ಜೆರುಸಲೇಮಿನಲ್ಲೇ ಉಳಿದಿದ್ದ ದಾವೀದ, ತನ್ನ ಯೋಧ ಊರೀಯನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡು ಕೂಡಿದ. ಆಕೆ ಬಸುರಾದಳು. ಗುಟ್ಟು ರಟ್ಟಾಗದಿರಲೆಂದು, ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಗೊಡುವಂತೆ ಸೇನಾಪತಿಗೆ ಓಲೆ ಬರೆದ. ಆ ಓಲೆಯನ್ನು ಒಯ್ದವನು ಊರೀಯನೇ. ಆಗ ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದು ಅತಿಥಿಗೆ ಅಡುಗೆ ಮಾಡಿಸಿದ ಸಿರಿವಂತನ ಕಥೆ ಹೇಳಿದ. ಕೆರಳಿದ ದೊರೆ, ಒಂದಕ್ಕೆ ನಾಲ್ಕರಷ್ಟು ತೆರಬೇಕೆಂದು ತೀರ್ಪಿತ್ತ. ಆ ಸಿರಿವಂತ ನೀನೇ ಎಂದ ಪ್ರವಾದಿ.

ದಾವೀದ ತಪ್ಪೊಪ್ಪಿಕೊಂಡ. ದೇವರು ಕ್ಷಮಿಸಿದ್ದಾನೆಂದು ನಾತಾನ ಆ ಕ್ಷಣವೇ ಹೇಳಿದ. ಆದರೆ ಕತ್ತಿ ದಾವೀದನ ಮನೆಯನ್ನು ಬಿಟ್ಟುಹೋಗದು ಎಂಬ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹುಟ್ಟಿದ ಮಗು ಏಳನೆಯ ದಿನ ತೀರಿಕೊಂಡಿತು. ಮುಂದೆ ಮಗ ಅಮ್ನೋನ ಮಲತಂಗಿ ತಾಮಾರಳ ಮೇಲೆ ಅತ್ಯಾಚಾರ ಮಾಡಿದ. ಅವಳ ಒಡಹುಟ್ಟಿದ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿ, ಬಳಿಕ ತಂದೆಯ ವಿರುದ್ಧವೇ ದಂಗೆಯೆದ್ದು ಸತ್ತ. ಅದೇ ಬತ್ಷೆಬೆಯ ಇನ್ನೊಬ್ಬ ಮಗ ಸೊಲೊಮೋನ ಪಟ್ಟಕ್ಕೆ ಬಂದದ್ದೂ ನಿಜ. ಕ್ಷಮೆ ಸುಳ್ಳಾಗಲಿಲ್ಲ, ಆದರೆ ಊರೀಯ ಬದುಕಿ ಬರಲಿಲ್ಲ. ಏನೂ ತಪ್ಪು ಮಾಡದ ಮಗುವೂ ತಾಮಾರಳೂ ನೋವುಂಡರು.

ಇದನ್ನು ಪಂಥಗಳು ಬೇರೆಬೇರೆಯಾಗಿ ಅರ್ಥೈಸಿವೆ. ಕಥೋಲಿಕ ಬೋಧನೆಯಂತೆ ಪಾಪನಿವೇದನೆಯಿಂದ ದೋಷವೂ ನಿತ್ಯಶಿಕ್ಷೆಯೂ ನೀಗುತ್ತವೆ; ತಾತ್ಕಾಲಿಕ ಶಿಕ್ಷೆ ಉಳಿಯಬಹುದು. ಅದನ್ನು ಪ್ರಾರ್ಥನೆ, ಉಪವಾಸ, ದಾನಗಳಿಂದ ಇಲ್ಲಿ, ಇಲ್ಲವೇ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ತೀರಿಸಬೇಕು. ಈ ಶಿಕ್ಷೆಯನ್ನು ತಗ್ಗಿಸುವ ಪತ್ರಗಳು ಹಣಕ್ಕೆ ದೊರೆಯತೊಡಗಿದಾಗಲೇ 1517ರಲ್ಲಿ ಮಾರ್ಟಿನ್ ಲೂಥರ್ ಪ್ರತಿಭಟಿಸಿದ್ದು. ಪ್ರಾಟೆಸ್ಟೆಂಟರ ಪ್ರಕಾರ ಕ್ರಿಸ್ತನ ಬಲಿದಾನದಿಂದ ಶಿಕ್ಷೆ ಪೂರ್ತಿ ತೀರಿದೆ. ಬಳಿಕ ಬರುವ ಕಷ್ಟವು ತಂದೆ ಮಕ್ಕಳನ್ನು ತಿದ್ದುವ ಬಗೆಯದು. ಆದರೂ ಕದ್ದವನು ಕದ್ದುದನ್ನು ಹಿಂದಿರುಗಿಸಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದ ಜಕ್ಕಾಯ, ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುವುದಾಗಿ ತಾನಾಗಿಯೇ ಹೇಳಿದನಲ್ಲವೆ?

ನಮ್ಮ ದೇಶದಲ್ಲೇ ಈ ಪ್ರಶ್ನೆ ಎದುರಾದದ್ದುಂಟು. ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್‌ರನ್ನೂ ಅವರ ಮಕ್ಕಳಾದ ಫಿಲಿಪ್, ತಿಮೋತಿಯರನ್ನೂ 1999ರ ಜನವರಿಯಲ್ಲಿ ಮನೋಹರಪುರ ಗ್ರಾಮದಲ್ಲಿ ವಾಹನದೊಳಗೇ ಸುಟ್ಟುಕೊಂದರು. ಹಂತಕರನ್ನು ಕ್ಷಮಿಸಿರುವುದಾಗಿ ಪತ್ನಿ ಗ್ಲಾಡಿಸ್ ಹೇಳಿದಾಗ ದೇಶವೇ ಬೆರಗಾಯಿತು. ಆದರೆ ಕಾನೂನು ತನ್ನ ದಾರಿಯಲ್ಲೇ ನಡೆಯಿತು. ಮುಖ್ಯ ಅಪರಾಧಿಗೆ 2003ರಲ್ಲಿ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ 2005ರಲ್ಲಿ ಜೀವಾವಧಿಗೆ ಇಳಿಸಿತು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ಎತ್ತಿಹಿಡಿಯಿತು.

ಗ್ಲಾಡಿಸ್ ಕ್ಷಮಿಸಿದ್ದರಿಂದ ಗಂಡ, ಮಕ್ಕಳು ಹಿಂದಿರುಗಿ ಬರಲಿಲ್ಲ, ಸೆರೆಮನೆಯ ಬಾಗಿಲೂ ತೆರೆಯಲಿಲ್ಲ. ಆದರೆ ಅವರು ದ್ವೇಷವನ್ನು ಹೊತ್ತು ಬದುಕಬೇಕಾಗಲಿಲ್ಲ. ಮಗಳೊಂದಿಗೆ ಅಲ್ಲಿಯೇ ನಿಂತು, ಹಲವು ವರ್ಷ ಆ ರೋಗಿಗಳ ಸೇವೆಯನ್ನು ಮುಂದುವರಿಸಿದರು. ಕ್ರೈಸ್ತರು ಕ್ಷಮೆ ಎನ್ನುವುದು ಇದನ್ನೇ. ಮಾಡಿದ್ದನ್ನು ಉಣ್ಣುವುದು ತಪ್ಪದು; ಆದರೆ ಉಣ್ಣುವಾಗ ದೇವರು ಕೈಬಿಟ್ಟಿರುವುದಿಲ್ಲ ಎಂಬುದು ಅವರ ನಂಬಿಕೆ.