ಮ್ಯಾನ್‌ಹ್ಯಾಟನ್‌ನಲ್ಲಿ ಹಳ್ಳಿ ಹಾಡು! ಕೇಳಿದವರೆಷ್ಟು, ಹೇಳಿ ನೋಡೋಣ?

ನ್ಯೂಯಾರ್ಕ್! ಡಿಸ್ಕೊ ಕುಣಿದ ಊರು, ಹಿಪ್‌ಹಾಪ್ ಹುಟ್ಟಿದ ಊರು. ಅಲ್ಲಿ ಹೊಲ, ಲಾರಿ, ಮುರಿದ ಪ್ರೀತಿಯ ಕಂಟ್ರಿ ಹಾಡುಗಳನ್ನೇ ಹಗಲೂ ರಾತ್ರಿ ಹಾಕುವ ರೇಡಿಯೊ ನಡೆದೀತೇ? 'ಸಾಧ್ಯವೇ ಇಲ್ಲ' ಅಂದಿರಾ? ಸ್ವಲ್ಪ ತಡೆಯಿರಿ!

ಕಂಟ್ರಿ ಸಂಗೀತದ ಕಾಶಿ ಅಂದರೆ ನ್ಯಾಶ್‌ವಿಲ್. ಅಲ್ಲಿನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮ ಶುರುವಾದದ್ದು 1925ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ 'ನ್ಯಾಷನಲ್ ಬಾರ್ನ್ ಡಾನ್ಸ್' ಮೊಳಗಿತ್ತು. ಎಲ್ಲಿ, ಊಹಿಸಿ! ಟೆಕ್ಸಸ್? ಅಲ್ಲ. ಟೆನೆಸ್ಸಿ? ಅಲ್ಲವೇ ಅಲ್ಲ. ಷಿಕಾಗೊ! ಅಲ್ಲಿ ಮೈಕ್ ಹಿಡಿದಿದ್ದ ಜಾರ್ಜ್ ಹೇ ಅವರೇ ಮುಂದೆ ನ್ಯಾಶ್‌ವಿಲ್‌ಗೆ ಹೋಗಿ ಆಪ್ರಿ ಕಟ್ಟಿದರು. ಹಳ್ಳಿ ಹಾಡಿಗೆ ಮಹಾನಗರವೇ ದಾರಿ ಮಾಡಿಕೊಟ್ಟಿತ್ತು!

ಈಗ ನ್ಯೂಯಾರ್ಕಿಗೆ ಬನ್ನಿ. 1973. ಡಬ್ಲ್ಯುಎಚ್ಎನ್ ಎಂಬ ಎಎಂ ಸ್ಟೇಷನ್ ಏಕಾಏಕಿ ಕಂಟ್ರಿಗೆ ತಿರುಗಿತು. 50,000 ವಾಟ್‌ನ ದನಿ! ಮುಂದೆ ಕಾರ್ಯಕ್ರಮ ನಿರ್ದೇಶಕರಾಗಿ ಎಡ್ ಸಲಾಮನ್ ಬಂದರು. ಪಾಪ್ ಸ್ಟೇಷನ್‌ಗಳ ವರಸೆಯನ್ನೇ ಇಲ್ಲೂ ಹೂಡಿದರು: ಆರಿಸಿದ ಹಿಟ್ ಹಾಡುಗಳು, ಮತ್ತೆ ಮತ್ತೆ. ಕೇಳುಗರೆಷ್ಟು? ಸಾವಿರ? ಲಕ್ಷ? ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು!

ಹುಚ್ಚು ರೇಡಿಯೊದಿಂದ ರಸ್ತೆಗೂ ಇಳಿಯಿತು. ಫಿಫ್ತ್ ಅವೆನ್ಯೂ, 13ನೇ ಬೀದಿಯ ಮೂಲೆ. 'ಲೋನ್ ಸ್ಟಾರ್ ಕೆಫೆ'. ತಲೆ ಎತ್ತಿದರೆ ಚಾವಣಿಯ ಮೇಲೆ 40 ಅಡಿ ಉದ್ದದ ಇಗ್ವಾನಾ! ಕಲಾವಿದ ಬಾಬ್ ವೇಡ್ ಅವರ ಕೈಚಳಕ. ಕೆಳಗೆ ಕೌಬಾಯ್ ಟೋಪಿಯ ನಗರವಾಸಿಗಳು!

ಇಷ್ಟಾದ ಮೇಲೂ 1987ರ ಜುಲೈ 1ರಂದು ಡಬ್ಲ್ಯುಎಚ್ಎನ್ ಮಾಯ. ಅದೇ ತರಂಗಾಂತರದಲ್ಲಿ ಇಡೀ ದಿನ ಕ್ರೀಡಾ ಹರಟೆ! ಎಫ್ಎಂನಲ್ಲಿ ಡಬ್ಲ್ಯುವೈಎನ್‌ವೈ ಕಂಟ್ರಿಯ ಕೈ ಹಿಡಿಯಿತು. 1996ರಲ್ಲಿ ಅದೂ ಡಾನ್ಸ್ ಹಾಡುಗಳಿಗೆ ಜಾರಿತು. ಉಳಿದದ್ದು ಹೊರವಲಯದ ಊರುಗಳಿಂದ ಬರುವ ಕ್ಷೀಣ ದನಿ.

ಕಂಟ್ರಿ ಕಥೆ ಮುಗಿಯಿತೇ? 1997ರ ಆಗಸ್ಟ್ 7. ಗಾರ್ತ್ ಬ್ರೂಕ್ಸ್ ಸೆಂಟ್ರಲ್ ಪಾರ್ಕಿನಲ್ಲಿ ಉಚಿತವಾಗಿ ಹಾಡಿದರು. ಬಂದವರೆಷ್ಟು? ಅಗ್ನಿಶಾಮಕ ಇಲಾಖೆಯ ಅಂದಾಜು: 9,80,000! ನಗರಕ್ಕೆ ಗಟ್ಟಿಯಾದೊಂದು ಕಂಟ್ರಿ ಸ್ಟೇಷನ್ ಇಲ್ಲದ ಹೊತ್ತಿನಲ್ಲಿ!

2013ರಲ್ಲಿ 94.7 ತರಂಗಾಂತರದಲ್ಲಿ 'ನ್ಯಾಶ್ ಎಫ್ಎಂ' ಎಂಬ ಕಂಟ್ರಿ ಸ್ಟೇಷನ್ ಬಂತು. 2021ರಲ್ಲಿ ಅದೂ ಹೋಯಿತು.

ಗಮನಿಸಿದಿರಾ? ಎದ್ದು ಹೋದವರು ಪ್ರತಿ ಸಲವೂ ಮಾಲೀಕರು! ಇಂಥ ಊರಲ್ಲಿ ತರಂಗಾಂತರವೆಂದರೆ ಬಂಗಾರದ ನಿವೇಶನ. ಹತ್ತು ಲಕ್ಷ ಕೇಳುಗರಿದ್ದರೂ ಸಾಲದು. ಅದೇ ಜಾಗದಲ್ಲಿ ಇನ್ನೊಂದು ವ್ಯಾಪಾರ ಹೆಚ್ಚು ತಂದೀತು ಅನ್ನಿಸಿದರೆ ಕಂಟ್ರಿ ಖಾಲಿ ಮಾಡಲೇಬೇಕು! ಮಹಾನಗರದಲ್ಲಿ ಕಂಟ್ರಿಗೆ ಕಿವಿಗಳ ಬರ ಎಂದೂ ಇರಲಿಲ್ಲ. ಬರ ಇದ್ದದ್ದು ಮಾಲೀಕರ ತಾಳ್ಮೆಗೆ!